ಬುಡಾಪೆಸ್ಟಿನಲ್ಲಿ ಯಾರೋ ಅಪ್ಪಾ ಅಂದಹಾಗಾಯಿತು

ನ್ಯೂಜಿಲೆಂಡಿನವರ ಬಾಯಿಗೂ ಪದದ ಕೊನೆಯ ‘ರ್’ ಅಕ್ಷರಕ್ಕೂ ಎಣ್ಣೆ ಸೀಗೇಕಾಯಿ. ಅದು ಎದುರಾದರೆ ನುಂಗಿ ನೀರು ಕುಡಿದುಬಿಡುತ್ತಾರೆ. ಹಾಗಾಗಿ ವೆಲಿಂಗ್ಟನ್ ಸ್ಟೇಷನ್ನಿನಲ್ಲಿ ಸಂಜೆಯ ರೈಲಿನ ಹೆಸರು ಕೂಗುವಾಗ ಅಪ್ಪರ್ ಹಟ್ ಎಂಬ ಊರು ‘ಅಪ್ಪ ಹಟ್’ ಎಂದೇ ಕೇಳಿಸುತ್ತದೆ. ಆ ರೈಲು ಹಿಡಿದು ಮನೆಗೆ ಹೋಗುವ ಜನಕ್ಕೆಲ್ಲ ಅದು ಬರೀ ಊರಿನ ಹೆಸರು. ಶ್ರೀಪಾದರೊಬ್ಬರಿಗೆ ಮಾತ್ರ ಯಾರೋ ತಮ್ಮನ್ನು ಕರೆದಂತಾಗುತ್ತಿತ್ತು. ಕೈಯಲ್ಲಿ ಪೇಪರಿದ್ದರೂ, ಪಕ್ಕದವರ ಜೊತೆ ಮಾತಿನಲ್ಲಿದ್ದರೂ, ಕತ್ತು ತಾನೇ ತಾನಾಗಿ ಆ ಕಡೆ ತಿರುಗುತ್ತಿತ್ತು. ಆಮೇಲೆ ತಮಗೆ ತಾವೇ ನಕ್ಕು ರೈಲು ಹತ್ತುತ್ತಿದ್ದರು.

ಶ್ರೀಪಾದರು ಮೈಸೂರಿನ ಸರಸ್ವತೀಪುರಂನವರು. ತೊಂಬತ್ತರ ದಶಕದ ಶುರುವಿನಲ್ಲಿ ಒಂದು ಎಂಜಿನಿಯರಿಂಗ್ ಡಿಗ್ರಿ, ಎರಡು ಸೂಟ್‌ಕೇಸು ಮತ್ತು ಹೊಸದಾಗಿ ಮದುವೆಯಾದ ವೇದಾ ಅವರ ಜೊತೆ, ಅದೇ ರೈಲುದಾರಿಯಲ್ಲಿ ಅಪ್ಪರ್ ಹಟ್ಟಿಗಿಂತ ಮೊದಲು ಸಿಗುವ ಲೋವರ್ ಹಟ್ಟಿಗೆ ಬಂದಿಳಿದವರು. ಕೆಲಸ ವೆಲಿಂಗ್ಟನ್ನಿನ ಒಂದು ಆಫೀಸಿನಲ್ಲಿ. ಹಳೆಯ ಕಟ್ಟಡಗಳು ಭೂಕಂಪ ತಡೆಯುತ್ತವೋ ಇಲ್ಲವೋ ಎಂದು ನೋಡಿ ಹೇಳುವುದು. ನೆಲ ಆಗಾಗ ಮೈಮುರಿಯುವ ಆ ಊರಿನಲ್ಲಿ ಈ ಕೆಲಸಕ್ಕೆ ಬರವಿಲ್ಲ. ಬಂದ ಮರುವರ್ಷ ಮಗಳು ಹುಟ್ಟಿದಳು. ಕೃಪಾ ಎಂದು ಹೆಸರಿಟ್ಟರು.

ಅವರ ಮನೆತನದಲ್ಲಿ ಯಾರೂ ಅಪ್ಪನನ್ನು ಅಪ್ಪ ಎಂದು ಕರೆದವರಲ್ಲ. ಹಳೆಯ ಮೈಸೂರಿನ ಎಷ್ಟೋ ಮನೆಗಳಂತೆ ಅಲ್ಲಿಯೂ ಅಪ್ಪನಿಗೆ ‘ಅಣ್ಣ’ ಎನ್ನುವುದೇ ರೂಢಿ. ಚಿಕ್ಕಪ್ಪಂದಿರು ಅಣ್ಣ ಅನ್ನುತ್ತಿದ್ದರು, ಅದನ್ನು ಕೇಳಿ ಮಕ್ಕಳೂ ಅಣ್ಣ ಎಂದವು. ಸರಸ್ವತೀಪುರಂನ ಹೊಂಗೆ ಮರಗಳ ಕೆಳಗೆ ಸಂಜೆ ಸೈಕಲ್ಲಿನ ಬೆಲ್ಲು ಕೇಳಿಸಿತೆಂದರೆ “ಅಣ್ಣ ಬಂದ್ರು” ಎಂದು ಮನೆಯೊಳಗಿಂದ ಮಕ್ಕಳ ದಂಡೇ ಓಡಿಬರುತ್ತಿತ್ತು. ಹೀಗಾಗಿ ‘ಅಪ್ಪ’ ಎಂಬ ಪದವನ್ನು ಶ್ರೀಪಾದರು ಬಾಯಿತುಂಬ ಯಾರನ್ನೂ ಕರೆದಿರಲಿಲ್ಲ. ಅದು ಅವರಿಗೆ ಸಿಕ್ಕಿದ್ದು ಈ ಕಡಲಾಚೆಯ ಊರಿನಲ್ಲಿ, ಹಲ್ಲಿಲ್ಲದ ಒಂದು ಬಾಯಿಂದ. ಹೀಟರಿನ ಮುಂದೆ ಬೋರಲು ಬಿದ್ದಿದ್ದ ಕೂಸು ತಲೆಯೆತ್ತಿ “ಅಪ್ಪ” ಎಂದಾಗ ವಂಶದಲ್ಲಿ ಮೊದಲನೆಯ ಅಪ್ಪ ತಾವೇ ಎಂಬಂತೆ ಬೀಗಿದರು. ಆಗ ಫೋನು ದುಬಾರಿ, ಆದರೂ ಮೈಸೂರಿಗೆ ಫೋನು ಹೋಯಿತು.

ಆ ದೇಶದಲ್ಲಿ ಮಕ್ಕಳು ಐದು ತುಂಬಿದ ಕೂಡಲೇ ಶಾಲೆಗೆ ಸೇರುತ್ತವೆ. ಕೃಪಾಳೂ ಸೇರಿದಳು. ಒಂದು ಮಧ್ಯಾಹ್ನ ಕರೆದುಕೊಂಡು ಬರಲು ಹೋದ ಶ್ರೀಪಾದರನ್ನು ಗೇಟಿನ ಬಳಿ ಕಂಡು “ಅಪ್ಪಾ” ಎಂದು ಕಿರುಚಿಕೊಂಡು ಓಡಿಬಂದಳು. ಅವಳ ಹಿಂದಿದ್ದ ಹುಡುಗಿಯೊಬ್ಬಳಿಗೆ ಅದು ಅಪ್ಪರ್ ಎಂದು ಕೇಳಿಸಿತು. ನಿಮ್ಮ ಡ್ಯಾಡ್ ಅಪ್ಪರ್ ಹಟ್ಟಿನವರಾ ಎಂದು ಆ ಮಗು ಯಾವ ಕೊಂಕೂ ಇಲ್ಲದೆ ಕೇಳಿತು. ಕಾರಿನಲ್ಲಿ ಕೃಪಾ ಬಹಳ ಹೊತ್ತು ಯೋಚಿಸಿ, ನಾವು ಲೋವರ್ ಹಟ್ಟಿನಲ್ಲಿದ್ದೀವಲ್ಲ, ಮತ್ತೆ ನೀನು ಹೇಗೆ ಅಪ್ಪರ್ ಎಂದು ಕೇಳಿದಳು. ಶ್ರೀಪಾದರಿಗೆ ನಗು ತಡೆಯಲಾಗಲಿಲ್ಲ. ರಸ್ತೆಯ ಬದಿಗೆ ಕಾರು ನಿಲ್ಲಿಸಿ ನಕ್ಕರು. ಆ ವಾರದ ಕನ್ನಡದವರ ಊಟದ ಕೂಟದಲ್ಲಿ ಇದನ್ನೇ ಹೇಳಿದರು, ಮುಂದಿನ ಯುಗಾದಿಯಲ್ಲೂ ಹೇಳಿದರು, ಗಣಪತಿ ಹಬ್ಬದಲ್ಲಿ ಹೊಸದಾಗಿ ಬಂದವರಿಗೂ ಹೇಳಿದರು. ಹೇಳಿ ಹೇಳಿ ಜೋಕು ಹಳೆಯದಾಗುವ ಹೊತ್ತಿಗೆ ಪದವೇ ಮನೆಯಲ್ಲಿರಲಿಲ್ಲ. ಮಗಳು ಯಾವಾಗಲೋ ಸದ್ದಿಲ್ಲದೆ ‘ಡ್ಯಾಡ್’ ಎನ್ನಲು ಶುರುಮಾಡಿಬಿಟ್ಟಿದ್ದಳು.

ಅಮ್ಮ ಮಾತ್ರ ಅಮ್ಮನಾಗಿಯೇ ಉಳಿದರು. ಶ್ರೀಪಾದರನ್ನು ಚುಚ್ಚಿದ್ದು ಅದೇ. ಕೃಪಾಳಿಗೆ ಕನ್ನಡ ಎಲ್ಲ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅದರ ನಡುನಡುವೆ ‘ಅಮ್ಮ’ ಎಂಬುದು ಸಾರಿನಲ್ಲಿ ಕರಿಬೇವಿನಂತೆ ತೇಲುತ್ತಿತ್ತು. ಡ್ಯಾಡ್ ಎನ್ನುವುದು ಅವರ ಕಿವಿಗೆ ಬಾಗಿಲು ಹಾಕಿಕೊಂಡ ಸದ್ದು. ಒಮ್ಮೆ ವೇದಾ ಅವರ ಬಳಿ ಇದನ್ನು ಹೇಳಿಕೊಂಡರು. ವೇದಾ ಒಂದು ಚೈಲ್ಡ್‌ಕೇರಿನಲ್ಲಿ ಟೀಚರು. ದಿನವಿಡೀ ಹತ್ತು ಭಾಷೆಯ ಮಕ್ಕಳ ಮೂಗೊರೆಸಿ ಬರುವವರಿಗೆ ಇಂಥ ಸೂಕ್ಷ್ಮಗಳಿಗೆಲ್ಲ ಪುರುಸೊತ್ತಿರಲಿಲ್ಲ.

“ನೀವು ನಿಮ್ಮಪ್ಪನ್ನ ಅಣ್ಣ ಅಂತಿದ್ರಲ್ಲ, ಅವರೇನು ನಿಮ್ಮಣ್ಣನಾ? ಸುತ್ತಮುತ್ತ ಏನು ಕೇಳ್ಸುತ್ತೋ ಅದನ್ನೇ ಮಕ್ಕಳು ಕಲಿಯೋದು,” ಎಂದುಬಿಟ್ಟರು.

ಮಾತು ಸರಿಯಾಗಿತ್ತು. ಸರಿಯಾದ ಮಾತಿನಿಂದ ಸಮಾಧಾನವಾಗಬೇಕೆಂದೇನೂ ಇಲ್ಲವಲ್ಲ. ಶ್ರೀಪಾದರು ಅದನ್ನು ಮತ್ತೆ ಎತ್ತಲಿಲ್ಲ. ಸಂಜೆಯ ರೈಲಿನ ಕೂಗಿಗೆ ಕತ್ತು ತಿರುಗಿಸುತ್ತ ವರ್ಷಗಳನ್ನು ಕಳೆದರು.

ಕೃಪಾ ಲೆಕ್ಕದಲ್ಲಿ ಜಾಣೆ. ಲೆಕ್ಕವೆಂದರೆ ಅಂಗಡಿಯ ಲೆಕ್ಕವಲ್ಲ, ಅಂಕಿಯೇ ಇಲ್ಲದ, ಬರೀ ಅಕ್ಷರ, ಬಾಣದ ಗುರುತುಗಳ ಲೆಕ್ಕ. ಅದನ್ನು ಮುಂದಕ್ಕೆ ಓದಲು ಹಂಗೇರಿಯ ರಾಜಧಾನಿ ಬುಡಾಪೆಸ್ಟಿಗೆ ಹೋದಳು. ಕೂಟದಲ್ಲಿ ಯಾರಾದರೂ ಕೇಳಿದರೆ ಶ್ರೀಪಾದರು ಬುಡಾಪೆಸ್ಟ್ ಎಂದು ಒತ್ತಿ ಹೇಳುತ್ತಿದ್ದರು. ಪಕ್ಕದ ದೇಶದ ರಾಜಧಾನಿಯ ಹೆಸರು ಹಿಡಿದು ಬುಖಾರೆಸ್ಟಾ ಎಂದು ಅರ್ಧ ಜನ ಮತ್ತೆ ಕೇಳುತ್ತಿದ್ದರು. ಎರಡು ಸಾವಿರದ ಹದಿನೇಳರ ಮೇ ತಿಂಗಳಿನಲ್ಲಿ ಗಂಡ ಹೆಂಡತಿ ಇಬ್ಬರೂ ಹೋಗಿ ನೋಡಿಬರುವುದೆಂದಿತ್ತು. ಆದರೆ ಹಿಂದಿನ ವರ್ಷ ತಾಯಿಗೆ ಹುಷಾರಿಲ್ಲವೆಂದು ಮೈಸೂರಿಗೆ ಹೋದ ವೇದಾ ಇದ್ದ ರಜೆಯನ್ನೆಲ್ಲ ಅಲ್ಲೇ ಮುಗಿಸಿದ್ದರು. ನೀವೊಬ್ಬರೇ ಹೋಗಿಬನ್ನಿ ಎಂದು ಹುಳಿಪುಡಿ, ಚಟ್ನಿಪುಡಿ, ಕೊಬ್ಬರಿ ಮಿಠಾಯಿ ಕಟ್ಟಿದರು.

ಲೋವರ್ ಹಟ್ಟಿನಲ್ಲಿ ಮೇ ಎಂದರೆ ಚಳಿ ಮನೆಯೊಳಗೆ ಕಾಲಿಡುವ ತಿಂಗಳು. ದಕ್ಷಿಣದ ಗಾಳಿ ಬೀಸಿ ಬೀದಿಯ ಮರಗಳೆಲ್ಲ ಬೋಳು. ಏರ್‌ಪೋರ್ಟಿಗೆ ಕಾರು ಓಡಿಸುತ್ತಿದ್ದ ವೇದಾ ರಸ್ತೆಯಿಂದ ಕಣ್ಣು ತೆಗೆಯದೆ, “ಅಲ್ಲಿ ನೀವಿಬ್ರೇ ಇರ್ತೀರ. ಬಾಯಿಬಿಟ್ಟು ಕೇಳಿಬಿಡಿ ಒಂದ್ಸಲ. ಅಪ್ಪ ಅನ್ನು ಅಂದ್ರೆ ಅವಳೇನು ಇಲ್ಲ ಅಂತಾಳಾ?” ಎಂದರು.

ಹೆಂಡತಿ ಇದನ್ನು ಮರೆತಿದ್ದಾರೆಂದು ಶ್ರೀಪಾದರು ಇಷ್ಟು ವರ್ಷ ನಂಬಿದ್ದರು.

“ಕೇಳಿ ಕರೆಸ್ಕೊಂಡ್ರೆ ಅದು ಸ್ಕೂಲಲ್ಲಿ ಹಾಜರಿ ಕೂಗಿದಂಗೆ, ವೇದಾ.”

ನ್ಯೂಜಿಲೆಂಡಿನಲ್ಲಿ ಕಾಲು ಶತಮಾನ ಬಾಳಿದ ಮನುಷ್ಯನಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ವಿಮಾನದಿಂದ ಇಳಿದ ಕೂಡಲೇ ಚೀಲದಲ್ಲಿರುವ ತಿಂಡಿಯನ್ನೆಲ್ಲ ಯಾರಿಗಾದರೂ ಒಪ್ಪಿಸಿಬಿಡಬೇಕು ಅನ್ನಿಸುತ್ತದೆ. ಆಕ್ಲೆಂಡಿನಲ್ಲಿ ಒಂದು ಸೇಬಿನ ಹಣ್ಣು ಮರೆತು ಜೇಬಿನಲ್ಲಿಟ್ಟುಕೊಂಡರೂ ದಂಡ ಬೀಳುವ ದೇಶ ಅದು. ಬುಡಾಪೆಸ್ಟಿನಲ್ಲಿ ಇಳಿದ ಶ್ರೀಪಾದರು ಹುಳಿಪುಡಿಯ ಡಬ್ಬಿಯನ್ನು ಕೈಯಲ್ಲೇ ಹಿಡಿದುಕೊಂಡು ಅದನ್ನು ನೋಡುವವರನ್ನು ಹುಡುಕಿದರು. ಯಾರೂ ಕಾಣಲಿಲ್ಲ. ಬಾಗಿಲ ಬಳಿ ನಿಂತಿದ್ದ ಪೊಲೀಸಿನವನಿಗೆ ತಾವಾಗಿಯೇ ಹೋಗಿ ಡಬ್ಬಿ ತೆರೆದು ತೋರಿಸಿದರು. ಆತ ಬಗ್ಗಿ ಮೂಸಿದ, ಎರಡು ಸಲ ಸೀನಿದ, ಹೋಗು ಎಂದು ಕೈಮಾಡಿದ. ಗಾಜಿನ ಆಚೆ ನಿಂತಿದ್ದ ಕೃಪಾ ಇದನ್ನೆಲ್ಲ ನೋಡುತ್ತಿದ್ದಳು. ಹೊರಬಂದವರನ್ನು “ಹಾಯ್ ಡ್ಯಾಡ್” ಎಂದು ತಬ್ಬಿಕೊಂಡವಳಿಗೆ ನಗು ನಿಲ್ಲಿಸಲು ಬಹಳ ಹೊತ್ತು ಹಿಡಿಯಿತು.

ಅವಳ ರೂಮಿದ್ದ ಬೀದಿಯಲ್ಲಿ ಸೂಟ್‌ಕೇಸ್ ಎಳೆಯುತ್ತ ನಡೆಯುವಾಗ ಶ್ರೀಪಾದರು ತಟ್ಟನೆ ನಿಂತರು. ಕಾಲುದಾರಿಯ ಮೇಲೆಲ್ಲ ಪುಟ್ಟಪುಟ್ಟ ಬಿಳಿಯ ಹೂವು. ಯಾರೋ ಮಂಡಕ್ಕಿ ಮೂಟೆ ಒಡೆದು ಚೆಲ್ಲಿದ ಹಾಗೆ. ಒಂದನ್ನು ಹೆಕ್ಕಿ ನೋಡಿದರು. ಅವರೆ ಹೂವಿನ ಜಾತಿಯ ಅದೇ ಮೂತಿ, ಅದೇ ಸಣ್ಣ ತೊಟ್ಟು. ತಲೆಯ ಮೇಲೆ ಜೇನ್ನೊಣಗಳ ಗುಂಯ್ ಸದ್ದು. ಇದು ಹೊಂಗೆಯೇ ಅಂದುಕೊಂಡರು. ಅಲ್ಲ, ಇಲ್ಲಿಯವರು ಅಕಾಸಿಯಾ ಅನ್ನುತ್ತಾರೆ ಎಂದಳು ಕೃಪಾ. ಅವಳು ಹೇಳಿದ್ದೇ ಸರಿಯಿರಬಹುದು. ಆದರೆ ಹೂವನ್ನು ಮೆಟ್ಟದೆ ನಡೆಯಲು ಒದ್ದಾಡಿದ ಆ ಕಾಲುಗಳಿಗೆ ಅದು ಹೊಂಗೆ.

ಎಷ್ಟು ವರ್ಷವಾಗಿತ್ತೋ ಅವರು ವೈಶಾಖವನ್ನು ವೈಶಾಖದಂತೆ ನೋಡಿ. ಲೋವರ್ ಹಟ್ಟಿನಲ್ಲಿ ಯುಗಾದಿ ಬರುವುದು ಎಲೆ ಉದುರುವ ಹೊತ್ತಿಗೆ. ಚಿಗುರು ಎಂದು ಪಂಚಾಂಗ ಹೇಳುತ್ತದೆ, ಹೊರಗೆ ನೋಡಿದರೆ ಒಣಗಿದ ಎಲೆಯ ರಾಶಿ. ವೇದಾ ಇಂಡಿಯನ್ ಅಂಗಡಿಯ ಒಣ ಬೇವಿನ ಹೂವಿನಲ್ಲೇ ಹಬ್ಬ ಮಾಡಿ ಮುಗಿಸುತ್ತಾರೆ. ಇಲ್ಲಿ, ಕಂಡು ಕೇಳರಿಯದ ಈ ಊರಿನಲ್ಲಿ, ತಿಂಗಳಿಗೂ ಮರಕ್ಕೂ ಮತ್ತೆ ರಾಜಿಯಾಗಿತ್ತು. ಎಳೆಬಿಸಿಲು, ಹೂವು, ಸೈಕಲ್ಲಿನ ಬೆಲ್ಲು. ಇನ್ನೇನು ಈ ತಿರುವಿನಲ್ಲಿ ಅಣ್ಣ ಬಂದರು ಅನ್ನಿಸಿತು. ಮಗಳ ಮುಂದೆ ಅಳುವುದು ಹೇಗೆಂದು ಕಣ್ಣೊರೆಸಿಕೊಂಡು ಧೂಳಿನ ನೆಪ ಹೇಳಿದರು.

ಮರುದಿನ ಡ್ಯಾನ್ಯೂಬ್ ನದಿಯ ಸೇತುವೆಯ ಮೇಲೆ ಅದು ನಡೆಯಿತು. ಕೃಪಾ ಫೋಟೋ ತೆಗೆಯಲು ಹಿಂದೆ ಉಳಿದಿದ್ದಳು. ಶ್ರೀಪಾದರು ಕಂಬಿ ಹಿಡಿದು ದೋಣಿಗಳನ್ನು ನೋಡುತ್ತಿದ್ದರು. ಹಿಂದಿನಿಂದ ಸ್ಪಷ್ಟವಾಗಿ, ಹೆಣ್ಣುಮಗುವಿನ ದನಿಯಲ್ಲಿ, “ಅಪಾ!” ಎಂದು ಯಾರೋ ಕೂಗಿದರು.

ಇದು ರೈಲಿನ ಮೈಕಲ್ಲ. ಶ್ರೀಪಾದರು ಇಡೀ ಮೈಯನ್ನೇ ತಿರುಗಿಸಿ “ಏನಮ್ಮಾ” ಎಂದುಬಿಟ್ಟರು. ಎದುರಿಗೆ ಕೆಂಪು ಟೋಪಿಯ ಒಂದು ಮಗು, ಅದರ ಕೈಯಲ್ಲಿ ಕರಗುತ್ತಿರುವ ಐಸ್‌ಕ್ರೀಮು. ಅದು ಅವರ ಪಕ್ಕದಲ್ಲಿದ್ದ ಗಡ್ಡದ ಯುವಕನ ಕಡೆ ಓಡಿತು. ಕೃಪಾ ಹತ್ತಿರ ಬಂದು ವಿವರಿಸಿದಳು. ಹಂಗೇರಿಯವರ ಭಾಷೆಯಲ್ಲಿ ಅಪ್ಪನಿಗೆ ‘ಅಪ’ ಎನ್ನುತ್ತಾರೆ, ತನಗೂ ಮೊದಮೊದಲು ಆಶ್ಚರ್ಯವಾಗಿತ್ತು ಎಂದಳು.

ಶ್ರೀಪಾದರ ಉತ್ಸಾಹಕ್ಕೆ ಮಿತಿಯಿಲ್ಲದಾಯಿತು. ಸೇತುವೆಯ ಮೇಲಿಂದಲೇ ವೇದಾ ಅವರಿಗೆ ಫೋನು ಹಚ್ಚಿದರು. ಇಲ್ಲಿ ಅಪ್ಪನಿಗೆ ಅಪ್ಪ ಅಂತಲೇ ಅನ್ನುತ್ತಾರೆ ಎಂದು ಅವರು ಹೇಳಿದರೆ, ಸಂಸಾರದಲ್ಲಿ ನುರಿತ ಯಾವ ಹೆಂಗಸೂ ಕೇಳುವುದನ್ನೇ ವೇದಾ ಕೇಳಿದರು: ಹಾಗಾದರೆ ಅಮ್ಮನಿಗೆ? ಶ್ರೀಪಾದರು ಫೋನು ಪಕ್ಕಕ್ಕಿಟ್ಟು ಮಗಳನ್ನು ವಿಚಾರಿಸಿದರು. ಮತ್ತೆ ಫೋನಿಗೆ ಬಂದವರ ದನಿಯಲ್ಲಿ ತುಂಟತನವಿತ್ತು.

“ಅನ್ಯ.”

“ಏನು?”

“ಅಮ್ಮನಿಗೆ ಅನ್ಯ ಅಂತಾರಂತೆ. ಈ ಊರಲ್ಲಿ ಅಪ್ಪ ನಮ್ಮೋನು, ಅಮ್ಮ ಅನ್ಯಳು.”

ಅಂಥ ಊರಿಗೆ ತಾನು ಬರದೆ ಇದ್ದದ್ದೇ ಒಳ್ಳೆಯದಾಯಿತೆಂದು ವೇದಾ ಫೋನಿಟ್ಟರು. ಕೃಪಾಳಿಗೆ ಅನ್ಯ ಎಂಬ ಪದ ಗೊತ್ತಿರಲಿಲ್ಲ. ಹೊರಗಿನವರು, ನಮ್ಮವರಲ್ಲದವರು ಎಂದು ಶ್ರೀಪಾದರು ಬಿಡಿಸಿ ಹೇಳಿದಾಗ ಅವಳು ಮೊದಲು ಜೋರಾಗಿ ನಕ್ಕಳು. ಆಮೇಲೆ ಅವರ ಮುಖವನ್ನು ಒಂದು ಕ್ಷಣ ಹೆಚ್ಚಿಗೆಯೇ ನೋಡಿದಳು. ಅವರು ಆಗಲೇ ದೋಣಿಗಳ ಕಡೆ ತಿರುಗಿದ್ದರು.

ಅಲ್ಲಿಂದಾಚೆ ಊರೆಂಬ ಊರೇ ಅವರನ್ನು ಕರೆಯತೊಡಗಿತು. ವಸಂತದ ಕೊನೆಯ ದಿನಗಳು. ಚಳಿಗಾಲವಿಡೀ ಒಳಗಿದ್ದ ಮಕ್ಕಳನ್ನೆಲ್ಲ ಹೆತ್ತವರು ಬೀದಿಗೆ ಬಿಟ್ಟಿದ್ದರು. ಮಾರ್ಕೆಟ್ಟಿನಲ್ಲಿ ಅಪಾ, ಟ್ರಾಮಿನಲ್ಲಿ ಅಪಾ, ಬೆಟ್ಟದ ಮೇಲಿನ ಕೋಟೆಯಲ್ಲಿ ಅಪಾ. ಪ್ರತಿ ಸಲವೂ ಶ್ರೀಪಾದರ ಕತ್ತು ಒಂದೇ ಏಟಿಗೆ ತಿರುಗುತ್ತಿತ್ತು. ಬಿಸಿನೀರಿನ ದೊಡ್ಡ ಕೊಳವೊಂದರಲ್ಲಿ, ಹೊಟ್ಟೆಯವರೆಗೆ ನೀರಿನಲ್ಲಿ ನಿಂತು ಚದುರಂಗ ಆಡುತ್ತಿದ್ದ ಮುದುಕರ ಆಟವನ್ನು ನೋಡುವ ನೆಪದಲ್ಲಿ ಅರ್ಧ ಹಗಲು ಕುಳಿತರು. ನ್ಯೂಜಿಲೆಂಡಿನ ರೊಟೊರುವಾದ ಬಿಸಿನೀರಿನ ಬುಗ್ಗೆಗಳ ಗಂಧಕದ ವಾಸನೆ ಇಲ್ಲಿಲ್ಲ ಎಂದು ಹೊಗಳಿದರು. ಅಲ್ಲೂ ಒಬ್ಬ ಮಗ ತನ್ನ ಮುದಿ ಅಪ್ಪನಿಗೆ ಕುದುರೆ ನಡೆಸು ಎಂದೇನೋ ಹೇಳುತ್ತ “ಅಪ” ಎಂದ. ಆಟವಾಡುತ್ತಿದ್ದ ಮುದುಕ ಕಾಯಿಯಿಂದ ತಲೆ ಎತ್ತಲಿಲ್ಲ. ಶ್ರೀಪಾದರು ಎತ್ತಿದರು. ಬೇಕಾದಷ್ಟು ಇದ್ದವನಿಗೆ ಬೆಲೆ ಗೊತ್ತಿಲ್ಲ ನೋಡು ಅಂದುಕೊಂಡರು.

ಕೃಪಾ ಇದನ್ನು ಗಮನಿಸಿಲ್ಲವೆಂದೇ ಅವರ ಎಣಿಕೆ. ಅವಳು ತಮಾಷೆ ಮಾಡುತ್ತಿದ್ದುದು ಬೇರೆಯದಕ್ಕೆ. ಹಳೆಯ ಕಟ್ಟಡಗಳ ಕೆಳಗೆ ನಡೆಯುವಾಗ ಶ್ರೀಪಾದರು ಅವಳ ತೋಳು ಹಿಡಿದು ರಸ್ತೆಯ ಕಡೆಗೆ ಎಳೆಯುತ್ತಿದ್ದರು. ಸೂರಿನಂಚಿನಲ್ಲಿ ಕಲ್ಲಿನ ದೇವಿಯರು, ಸಿಂಹಗಳು, ಹೂವಿನ ಕುಂಡಗಳು, ನೋಡುವವರಿಗೆ ಅಂದ. ಹಿಂದಿನ ನವೆಂಬರಿನ ಭೂಕಂಪದಲ್ಲಿ ವೆಲಿಂಗ್ಟನ್ನಿನ ರಸ್ತೆಗಳಲ್ಲಿ ಗಾಜು ಗುಡಿಸಿದ್ದನ್ನು ಕಂಡವರಿಗೆ ಅದು ತಲೆಯ ಮೇಲಿನ ಕಲ್ಲು. ಈ ಊರು ಹಾಗೆಲ್ಲ ಅಲುಗುವುದಿಲ್ಲ ಎಂದು ಮಗಳು ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ನೆಲವನ್ನು ನಂಬಬೇಡ ಎಂದರು.

ನದಿಯ ನಡುವೆ ಒಂದು ದ್ವೀಪವಿದೆ, ಪೂರ್ತಿ ಉದ್ಯಾನ. ಅಲ್ಲಿ ಹುಲ್ಲಿನ ಮೇಲೆ ಕುಳಿತು ಚಟ್ನಿಪುಡಿ ಬ್ರೆಡ್ಡು ತಿನ್ನುವಾಗ ಕೃಪಾ ವಿಷಯಕ್ಕೆ ಬಂದಳು. ವರ್ಷದ ಕೊನೆಗೆ ಮನೆಗೆ ಮರಳುವುದೆಂದಿತ್ತಲ್ಲ, ಈಗ ಇಲ್ಲೇ ಡಾಕ್ಟರೇಟ್ ಮಾಡಲು ಕರೆದಿದ್ದಾರೆ, ಇನ್ನೂ ನಾಲ್ಕು ವರ್ಷ ಆಗಬಹುದು ಎಂದು ಹೇಳಿ ಹುಲ್ಲು ಕೀಳುತ್ತ ಕುಳಿತಳು. ಶ್ರೀಪಾದರು ಬಹಳ ಸಂತೋಷ, ಎಂಥ ಒಳ್ಳೆಯ ಸುದ್ದಿ ಎಂದರು. ಅದು ಸುಳ್ಳಲ್ಲ. ಆದರೆ ಆ ಮಾತು ಆಡುವಾಗಲೇ ಅವರಿಗೆ ಒಂದು ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಮನೆಗೆ ಬಂದಮೇಲೆ, ನಾನು ರಿಟೈರ್ ಆದಮೇಲೆ, ಸಂಜೆಯ ಹೊತ್ತು ಕಾಫಿ ಕುಡಿಯುತ್ತ ಕುಳಿತಾಗ ಎಂದಾದರೂ ಒಂದು ದಿನ ತಾನಾಗಿಯೇ ಕರೆದಾಳು ಎಂದು ಒಳಗೊಳಗೇ ಇಟ್ಟುಕೊಂಡಿದ್ದರು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬುದು ಅವರ ಧೈರ್ಯ. ಈಗ ಊರಿಗೇ ಬರುವುದಿಲ್ಲ ಎನ್ನುತ್ತಿದ್ದಾಳೆ.

ಅದೇ ಹೊತ್ತಿಗೆ ಕಾರಂಜಿಯ ಕಡೆಯಿಂದ ಯಾವುದೋ ಮಗು “ಅಪಾ” ಎಂದಿತು. ಶ್ರೀಪಾದರು ತಿರುಗಿದರು. ತಿರುಗಿದ್ದಕ್ಕೆ ಮೊದಲ ಸಲ ತಮ್ಮ ಮೇಲೆ ತಮಗೇ ಸಿಟ್ಟು ಬಂತು. ಐವತ್ತೆಂಟು ವರ್ಷದ ಮನುಷ್ಯ, ಊರ ಮಕ್ಕಳ ಬಾಯಲ್ಲಿ ತನ್ನ ಹೆಸರು ಹುಡುಕುತ್ತ ಕೂರುವುದೇ? ಸಾಕು ಎಂದುಕೊಂಡರು.

ಉಳಿದ ದಿನಗಳಲ್ಲಿ ಅವರು ಕತ್ತಿಗೆ ಶಿಸ್ತು ಕಲಿಸಿದರು. ಕೂಗು ಕೇಳಿಸಿದಾಗ ಎದುರಿನ ಕಟ್ಟಡದ ಕಿಟಕಿಗಳನ್ನು ನೋಡುವುದು, ಈ ಗೋಡೆಯೊಳಗೆ ಕಬ್ಬಿಣವಿದೆಯೋ ಇಲ್ಲವೋ ಎಂದು ಯೋಚಿಸುವುದು. ಮೊದಮೊದಲು ಕಷ್ಟವಾಯಿತು. ತಿರುಗುವ ಚಟ ಭುಜದವರೆಗೆ ಬಂದು ನಿಲ್ಲುತ್ತಿತ್ತು. ಆಮೇಲೆ ಭುಜವೂ ಸುಮ್ಮನಾಯಿತು. ಹೊರಡುವ ಹಿಂದಿನ ದಿನ ಮೃಗಾಲಯದ ಬಾಗಿಲಲ್ಲಿ, ಮಕ್ಕಳ ಜಾತ್ರೆಯೇ ನೆರೆದಿದ್ದ ಕಡೆ, ಅಷ್ಟು ಅಪಾಗಳ ನಡುವೆ ನೇರ ನಡೆದು ಬಂದರು. ಗೆದ್ದೆ ಅನ್ನಿಸಿತು. ಇದು ನನ್ನನ್ನು ಕರೆಯುವ ಪದವಲ್ಲ ಎಂಬುದು ಕೊನೆಗೂ ತಲೆಗೆ ಹತ್ತಿತ್ತು.

ಹೊರಡುವ ದಿನದ ಬೆಳಿಗ್ಗೆ ತಿಳಿ ಬಿಸಿಲಿತ್ತು. ಟ್ರಾಮು ಹಿಡಿದು, ಅಲ್ಲಿಂದ ಏರ್‌ಪೋರ್ಟಿನ ಬಸ್ಸು ಹಿಡಿಯಬೇಕು. ಟ್ರಾಮಿನ ನಿಲ್ದಾಣದ ಹತ್ತಿರ ಒಂದು ಬೇಕರಿ. ಅಲ್ಲಿ ಗಸಗಸೆ ತುಂಬಿದ ಒಂದು ತಿಂಡಿ ಮಾಡುತ್ತಾರೆ, ನಮ್ಮ ಹೋಳಿಗೆಯನ್ನು ಸುರುಳಿ ಸುತ್ತಿ ಬೇಯಿಸಿದ ಹಾಗೆ. ಅಮ್ಮನಿಗೆ ಅದು ಬೇಕೇ ಬೇಕು, ಇಲ್ಲೇ ನಿಂತಿರು ಎಂದು ಹೇಳಿ ಕೃಪಾ ಒಳಗೆ ಹೋದಳು. ನಿಂತಿರು ಎಂದರೆ ನಿಲ್ಲುವ ಜಾತಿಯಲ್ಲ ಶ್ರೀಪಾದರದು. ರೈಲೋ ಬಸ್ಸೋ ಹಿಡಿಯುವ ವಿಷಯ ಬಂದರೆ ಅವರಿಗೆ ಯಾವಾಗಲೂ ಅವಸರ. ದೂರದಲ್ಲಿ ಹಳದಿ ಟ್ರಾಮು ಕಾಣಿಸಿಕೊಂಡಿತು. ಮಗಳು ಬರುವಷ್ಟರಲ್ಲಿ ಜಾಗ ಹಿಡಿದಿರೋಣವೆಂದು ಸೂಟ್‌ಕೇಸ್ ಎಳೆದುಕೊಂಡು ರಸ್ತೆಗಿಳಿದರು.

ಹುಟ್ಟಿದ ಊರಿನಲ್ಲೂ ಬಾಳಿದ ಊರಿನಲ್ಲೂ ಗಾಡಿಗಳು ಎಡಗಡೆ ಓಡುತ್ತವೆ. ಐವತ್ತೆಂಟು ವರ್ಷ ಎಡಗಡೆ ನಂಬಿದ ಕಾಲು ಆತುರದಲ್ಲಿ ಎಡಗಡೆಯ ಪ್ಲಾಟ್‌ಫಾರಮ್ಮನ್ನೇ ಹತ್ತಿತು. ಈ ಊರಿನಲ್ಲಿ ಎಲ್ಲ ತಿರುಗುಮುರುಗು. ಅಲ್ಲಿಗೆ ಬರುತ್ತಿದ್ದ ಟ್ರಾಮು ಏರ್‌ಪೋರ್ಟಿನ ಬಸ್ಸಿನ ಕಡೆ ಹೋಗುವುದಲ್ಲ, ಅದಕ್ಕೆ ಎದುರು ದಿಕ್ಕಿಗೆ ಹೋಗುವುದು.

ಹೂವು ಬಿದ್ದ ಕಲ್ಲುಹಾಸಿನ ಮೇಲೆ ಸೂಟ್‌ಕೇಸಿನ ಗಾಲಿ ಗಡಗಡ ಎನ್ನುತ್ತಿತ್ತು. ಆ ಸದ್ದಿನಲ್ಲಿ ಹಿಂದಿನಿಂದ ಬಂದ “ಡ್ಯಾಡ್, ಡ್ಯಾಡ್” ಎಂಬ ಕೂಗು ಅವರಿಗೆ ಕೇಳಿಸಲೇ ಇಲ್ಲ. ಟ್ರಾಮು ಬಂದು ನಿಂತಿತು, ಬಾಗಿಲು ತೆರೆಯಿತು. ಗಾಲಿಯ ಸದ್ದು ನಿಂತ ಆ ಗಳಿಗೆಯಲ್ಲಿ, ರಸ್ತೆಯ ಆಚೆಯಿಂದ, ಎದೆಯ ಉಸಿರನ್ನೆಲ್ಲ ಹಾಕಿ ಯಾರೋ ಕೂಗಿದರು.

“ಅಪ್ಪಾ!”

ಕೇಳಿಸಿತು. ಚೆನ್ನಾಗಿಯೇ ಕೇಳಿಸಿತು. ಅವರ ಪಕ್ಕದಲ್ಲಿ ತಳ್ಳುಗಾಡಿಯಲ್ಲಿ ಮಗುವನ್ನಿಟ್ಟುಕೊಂಡು ನಿಂತಿದ್ದವನು ತಿರುಗಿದ. ಸಿಗರೇಟು ಸೇದುತ್ತಿದ್ದ ಮತ್ತೊಬ್ಬ ತಿರುಗಿದ. ಶ್ರೀಪಾದರು ತಿರುಗಲಿಲ್ಲ. ಎದುರಿನ ಕಟ್ಟಡದ ಕಿಟಕಿಗಳನ್ನು ನೋಡಿದರು. ಇವತ್ತು ಭುಜವೂ ಅಲುಗಲಿಲ್ಲ ಎಂದು ತಮ್ಮ ಬಗ್ಗೆ ಸ್ವಲ್ಪ ಹೆಮ್ಮೆಯೂ ಆಯಿತು. ಯಾರದೋ ಮಗು, ಯಾರದೋ ಅಪ್ಪ. ಸೂಟ್‌ಕೇಸನ್ನು ಎತ್ತಿ ಮೆಟ್ಟಿಲಿನ ಮೇಲೆ ಇಟ್ಟರು.

“ಅಪ್ಪಾ! ಅಪ್ಪಾ!”

ಇನ್ನೊಂದು ಕಾಲು ಒಳಗಿಡಬೇಕು, ಅಷ್ಟರಲ್ಲಿ ಹಿಂದಿನಿಂದ ಕೋಟಿನ ತೋಳು ಹಿಡಿದು ಯಾರೋ ಜಗ್ಗಿದರು. ಸೂಟ್‌ಕೇಸು ಧಡಾರನೆ ಕೆಳಗೆ ಬಿತ್ತು. ಟ್ರಾಮಿನ ಬಾಗಿಲು ಮುಚ್ಚಿಕೊಂಡಿತು. ಕೃಪಾ ಏದುಸಿರು ಬಿಡುತ್ತ ನಿಂತಿದ್ದಳು. ಕೂದಲಿನಲ್ಲಿ ಆ ಬಿಳಿಯ ಹೂವು, ಕೈಯಲ್ಲಿ ನಜ್ಜುಗುಜ್ಜಾದ ಬೇಕರಿಯ ಪೊಟ್ಟಣ.

“ಎಷ್ಟು ಸಲ ಕರೆಯೋದು? ಕಿವಿ ಕೇಳ್ಸಲ್ವಾ?” ಎಂದಳು.

ಅದು ವೇದಾ ಅವರ ಮಾತು, ವೇದಾ ಅವರದೇ ರಾಗ. ಚಿಕ್ಕವಳಿದ್ದಾಗ ಅಮ್ಮ ಹಾಗೆ ಗದರಿದರೆ ಕಿವಿ ಎಂದರೆ ನ್ಯೂಜಿಲೆಂಡಿನ ಕಿವಿ ಹಕ್ಕಿ ಅಂದುಕೊಂಡು ಹಿತ್ತಲಿನಲ್ಲಿ ಹುಡುಕುತ್ತಿದ್ದ ಹುಡುಗಿ ಇವಳು. ಶ್ರೀಪಾದರು ಬಾಯಿ ತೆರೆದರು. ಅಷ್ಟೊಂದು ವರ್ಷದಿಂದ ಇಟ್ಟುಕೊಂಡಿದ್ದ ‘ಓ’ ಎನ್ನುವ ಹೊತ್ತು ಆಗಲೇ ದಾಟಿಹೋಗಿತ್ತು.

“ಕೇಳಿಸ್ತು,” ಎಂದರು. “ನೀನು ಅಂತ ಗೊತ್ತಾಗ್ಲಿಲ್ಲ.”

ಕೃಪಾಳ ಮುಖ ಒಂದು ಥರವಾಯಿತು. ಕನ್ನಡದ ಪದಗಳನ್ನು ಒಂದೊಂದಾಗಿ, ಕತ್ತಲ ಕೋಣೆಯಲ್ಲಿ ಸಾಮಾನು ತಡಕುವವಳ ಹಾಗೆ, ಹುಡುಕಿ ಹುಡುಕಿ ಹೇಳಿದಳು.

“ಈ ಊರಲ್ಲಿ ಎಲ್ಲರ ಮಕ್ಕಳು ಕರೆದ್ರೂ ನೀನು ತಿರುಗಿ ನೋಡ್ತಿದ್ದೆ. ದಿನಾ ನೋಡ್ತಿದ್ದೆ ನಾನು. ನಾನು ಕರೆದ್ರೆ ಮಾತ್ರ ನೋಡಲ್ಲ.”

ಅವಳಿಗೆ ಎಲ್ಲ ಗೊತ್ತಿತ್ತು. ಡ್ಯಾಡ್ ಎಂದು ಕೂಗಿ ಸೋತಮೇಲೆ, ಯಾವ ಪದಕ್ಕೆ ಈ ಮನುಷ್ಯ ನಿಂತೇ ನಿಲ್ಲುತ್ತಾನೆಂದು ಬಲ್ಲವಳಾಗಿ, ಆ ಪದವನ್ನೇ ಹುಡುಕಿ ತೆಗೆದು ಕೂಗಿದ್ದಳು. ಸೇತುವೆಯ ಮೇಲಿನ ಆ ದಿನದಿಂದಲೂ ಬಾಯಿಯವರೆಗೆ ಬಂದು ನಾಚಿಕೆಯಿಂದ ಹಿಂದೆ ಹೋಗುತ್ತಿದ್ದ ಪದ ಅದೆಂದು ಆಮೇಲೆ ಸರಿಯಾದ ಟ್ರಾಮಿನಲ್ಲಿ, ಇಂಗ್ಲಿಷಿನಲ್ಲಿ, ಕಿಟಕಿಯ ಕಡೆ ಮುಖ ಮಾಡಿಕೊಂಡು ಹೇಳಿದಳು. ಇಷ್ಟು ವರ್ಷವಾದಮೇಲೆ ಇದ್ದಕ್ಕಿದ್ದಂತೆ ಹಾಗೆ ಕರೆದರೆ ನಾಟಕದಂತೆ ಕಾಣುತ್ತದೇನೋ ಎಂದು ಹೆದರಿಕೆಯಾಗಿತ್ತಂತೆ. ಶ್ರೀಪಾದರು ಅವಳ ಕೂದಲಿನಿಂದ ಹೂವು ತೆಗೆಯುತ್ತ ಕುಳಿತರು. ಹೇಳಬೇಕಾದ ಮಾತುಗಳು ಬಹಳ ಇದ್ದವು. ಬಸ್ಸು ಬೇಗ ಬಂತು. ಏರ್‌ಪೋರ್ಟಿನ ಬಾಗಿಲಿನಲ್ಲಿ ಅವಳು ತಬ್ಬಿಕೊಂಡಾಗ ಇಬ್ಬರಿಗೂ ಯಾವ ಹೆಸರನ್ನೂ ಹಿಡಿದು ಕರೆಯುವ ಸ್ಥಿತಿಯಿರಲಿಲ್ಲ.

ಲೋವರ್ ಹಟ್ಟಿನಲ್ಲಿ ಮಳೆಯ ಜೊತೆ ಗಾಳಿ. ಬಿಸಿಗಾಳಿ ಊದುವ ಹೀಟ್‌ಪಂಪಿನ ಎದುರು ಕುಳಿತು ವೇದಾ ಗಸಗಸೆಯ ಸುರುಳಿಯನ್ನು ತಿಂದು, ಸಕ್ಕರೆ ಜಾಸ್ತಿಯಾಯಿತು ಎಂದು ತೀರ್ಪು ಕೊಟ್ಟರು. ಫೋಟೋಗಳನ್ನೆಲ್ಲ ನೋಡಿದರು. ಸೇತುವೆ, ಕೋಟೆ, ನೀರಿನಲ್ಲಿ ಚದುರಂಗ ಆಡುವ ಮುದುಕರು, ಫೋಟೋಗೆ ಅಡ್ಡ ಬಂದ ಎಷ್ಟೋ ಮಕ್ಕಳು. ಎಲ್ಲ ಮುಗಿದಮೇಲೆ ಕೈ ಒರೆಸಿಕೊಳ್ಳುತ್ತ ಕೇಳಿದರು.

“ಕರೆದ್ಲಾ?”

“ಕರೆದ್ಲು.”

ವೇದಾ ಅವರ ಮುಖ ಅರಳಿತು. “ನೀವೇನಂದ್ರಿ?”

ಶ್ರೀಪಾದರು ಹೊರಗಿನ ಬೋಳು ಮರವನ್ನು ನೋಡುತ್ತಿದ್ದರು. “ನಾನು ತಿರುಗಿ ನೋಡ್ಲಿಲ್ಲ, ವೇದಾ,” ಎಂದರು.

ಭಾನುವಾರಗಳಂದು ಕೃಪಾ ಫೋನು ಮಾಡುತ್ತಾಳೆ. ಒಂದೊಂದು ಸಲ ಡ್ಯಾಡ್ ಎನ್ನುತ್ತಾಳೆ, 
ಒಂದೊಂದು ಸಲ, ಮಾತಿನ ನಡುವೆ ಎಡವಿದವಳ ಹಾಗೆ, ಅಪ್ಪ ಎನ್ನುತ್ತಾಳೆ. ಎರಡಕ್ಕೂ ಶ್ರೀಪಾದರು ಒಂದೇ ಅವಸರದಲ್ಲಿ ಓ ಎನ್ನುತ್ತಾರೆ. ಕತ್ತಿಗೆ ಕಲಿಸಿದ ಶಿಸ್ತನ್ನೆಲ್ಲ ಬಿಟ್ಟುಬಿಟ್ಟಿದ್ದಾರೆ. ವೆಲಿಂಗ್ಟನ್ ಸ್ಟೇಷನ್ನಿನಲ್ಲಿ ಸಂಜೆ ‘ಅಪ್ಪ ಹಟ್’ ಎಂದು ಕೂಗಿದಾಗ ಈಗ ಪೂರ್ತಿ ತಿರುಗಿ, ಕರೆದವರು ಯಾರೆಂದು ಚೆನ್ನಾಗಿ ನೋಡಿ, ಆಮೇಲೆಯೇ ರೈಲು ಹತ್ತುತ್ತಾರೆ.